ಇಂಗ್ಲಿಷ್ ಕ್ರಿಯಾಪದಕ್ಕೆ ಒಗ್ಗುವ ಕ್ರಿಯಾವಿಶೇಷಣ ಯಾವುದು? ಕೋಕಾ ಕಾರ್ಪಸ್‌ನ ವಿಮರ್ಶೆ

'ಐ ಹೈಲಿ ಅಗ್ರೀ' ಎಂದು ಬರೆದರೆ ವ್ಯಾಕರಣದ ಯಾವ ನಿಯಮವೂ ಮುರಿಯುವುದಿಲ್ಲ. ಕರ್ತೃ ಇದೆ, ಕ್ರಿಯಾಪದ ಇದೆ, ಕ್ರಿಯಾವಿಶೇಷಣ ಇರಬೇಕಾದ ಜಾಗದಲ್ಲೇ ಇದೆ. ಆದರೂ ಇಂಗ್ಲಿಷಿನಲ್ಲಿ ಪಳಗಿದವರ ಕಿವಿಗೆ ಅದು ಒಗ್ಗುವುದಿಲ್ಲ. ಅವರು 'ಕಂಪ್ಲೀಟ್ಲಿ ಅಗ್ರೀ' ಅನ್ನುತ್ತಾರೆ, 'ಟೋಟಲಿ ಅಗ್ರೀ' ಅನ್ನುತ್ತಾರೆ, 'ಹೋಲ್‌ಹಾರ್ಟೆಡ್ಲಿ ಅಗ್ರೀ' ಅನ್ನುತ್ತಾರೆ. 'ಹೈಲಿ'ಯನ್ನು 'ರೆಕಮೆಂಡ್', 'ವ್ಯಾಲ್ಯೂ', 'ರೇಟ್'ನಂಥ ಕೆಲವೇ ಕ್ರಿಯಾಪದಗಳಿಗೆ ಮೀಸಲಿಟ್ಟಿದ್ದಾರೆ. ಮಳೆ ಸುರಿಯುವುದು 'ಹೆವಿಲಿ', 'ಸ್ಟ್ರಾಂಗ್ಲಿ' ಅಲ್ಲ. ಗಾಢವಾಗಿ ಮಲಗುವುದು 'ಸೌಂಡ್ಲಿ'. ಆರೋಪವನ್ನು ತಳ್ಳಿಹಾಕುವಾಗ 'ಕ್ಯಾಟಗಾರಿಕಲಿ ಡಿನೈ', ಬೇಡಿಕೆಗೆ ಒಪ್ಪದಿದ್ದಾಗ 'ಫ್ಲಾಟ್ಲಿ ರಿಫ್ಯೂಸ್', ಆಹ್ವಾನವನ್ನು ನಯವಾಗಿ ಬೇಡವೆನ್ನುವಾಗ 'ಪೊಲೈಟ್ಲಿ ಡಿಕ್ಲೈನ್'.

ಈ ಜೋಡಿಗಳಿಗೆ ಸೂತ್ರವಿಲ್ಲ. ಸಾಮಾನ್ಯ ನಿಘಂಟು ಒಂದೊಂದು ಪದದ ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಪದ ಯಾರ ಜೊತೆ ಓಡಾಡುತ್ತದೆ ಎಂದು ತಿಳಿಯಬೇಕಾದರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳ ದೊಡ್ಡ ಸಂಗ್ರಹವನ್ನೇ, ಅಂದರೆ ಕಾರ್ಪಸ್ ಅನ್ನೇ, ಕೇಳಬೇಕು. ಅಂಥ ಸಂಗ್ರಹಗಳಲ್ಲಿ ಈ ಕೆಲಸಕ್ಕೆ ಹೆಚ್ಚು ಒದಗುವುದು ಕಾರ್ಪಸ್ ಆಫ್ ಕಂಟೆಂಪೊರರಿ ಅಮೆರಿಕನ್ ಇಂಗ್ಲಿಷ್, ಎಲ್ಲರ ಬಾಯಲ್ಲಿ ಕೋಕಾ. ಇದು ಅತ್ಯುತ್ತಮ ಸೇವೆ. ಆದರೆ ಪ್ರಶ್ನೆ ಸರಿಯಾಗಿ ಕೇಳಿದವರಿಗೆ ಮಾತ್ರ. ಸುಮ್ಮನೆ ಎರಡು ಪದ ಟೈಪ್ ಮಾಡಿ ಬಂದ ಸಂಖ್ಯೆಯನ್ನು ನಂಬಿದರೆ ಇದೇ ಸೇವೆ ದಾರಿ ತಪ್ಪಿಸುತ್ತದೆ.

ಮೊದಲು ಇದರೊಳಗೆ ಏನಿದೆ ಎಂದು ನೋಡೋಣ. ಭಾಷಾವಿಜ್ಞಾನಿ ಮಾರ್ಕ್ ಡೇವಿಸ್ 2008ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಈ ಕಾರ್ಪಸ್‌ನಲ್ಲಿ ಈಗ 100 ಕೋಟಿಗೂ ಹೆಚ್ಚು ಪದಗಳಿವೆ. ಕಾಲ 1990ರಿಂದ 2019. ಒಟ್ಟು 8 ವಿಭಾಗಗಳು: ಮಾತು, ಕಥೆ-ಕಾದಂಬರಿ, ನಿಯತಕಾಲಿಕೆ, ದಿನಪತ್ರಿಕೆ, ಶೈಕ್ಷಣಿಕ ಬರಹ, ಜೊತೆಗೆ 2020ರಲ್ಲಿ ಸೇರಿದ ಟಿವಿ-ಸಿನಿಮಾ ಸಬ್‌ಟೈಟಲ್, ಬ್ಲಾಗ್ ಮತ್ತು ಇತರ ಜಾಲಪುಟಗಳು. ಒಂದೊಂದು ವಿಭಾಗವೂ ಸುಮಾರು 12–13 ಕೋಟಿ ಪದಗಳದ್ದು. ಗಾತ್ರ ಹೀಗೆ ಹೆಚ್ಚುಕಡಿಮೆ ಸಮನಾಗಿರುವುದೇ ಇದರ ದೊಡ್ಡ ಬಲ, ಏಕೆಂದರೆ ಒಂದು ಜೋಡಿ ಮಾತಿನದ್ದೋ ಪ್ರಬಂಧದ್ದೋ ಎಂದು ಒಂದೇ ನೋಟಕ್ಕೆ ಹೋಲಿಸಬಹುದು. ಒಂದು ಎಚ್ಚರಿಕೆ: ಇಲ್ಲಿ 'ಮಾತು' ಎಂದರೆ ರೇಡಿಯೊ, ಟಿವಿ ಕಾರ್ಯಕ್ರಮಗಳ ಸಂಭಾಷಣೆಯ ಲಿಖಿತ ರೂಪ. ಕ್ಯಾಮೆರಾದ ಮುಂದೆ ಕೂತವರ ಮಾತು. ಮನೆಮಾತಿನ ಸಲುಗೆ ಬೇಕಾದರೆ ಸಬ್‌ಟೈಟಲ್ ವಿಭಾಗ ನೋಡುವುದೇ ಮೇಲು, ಅದು ಬರೆದುಕೊಟ್ಟ ಸಂಭಾಷಣೆಯಾಗಿದ್ದರೂ.

ಇಂಗ್ಲಿಷ್-ಕಾರ್ಪೊರಾ ಡಾಟ್ ಆರ್ಗ್ ತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಬಳಕೆ ಶುರು. ಉಚಿತ ಖಾತೆಗೆ ದಿನಕ್ಕಿಷ್ಟೇ ಹುಡುಕಾಟ ಎಂಬ ಮಿತಿ ಇದೆ. ನಡುನಡುವೆ ಹಣ ಕೊಟ್ಟು ಮೇಲ್ದರ್ಜೆಗೆ ಬನ್ನಿ ಎಂಬ ಸೂಚನೆಯೂ ಎದ್ದು ನಿಲ್ಲುತ್ತದೆ. ಮಿತಿ ಇರುವುದರಿಂದಲೇ ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಟೈಪ್ ಮಾಡುವುದು ಒಳ್ಳೆಯದು. ಫೋನ್‌ನಲ್ಲಿ ಬಳಸುವ ಯೋಚನೆ ಬಿಡಿ. ಕೋಷ್ಟಕಗಳು ಅಗಲವಾಗಿವೆ, ಬೆರಳಿಗೆ ಸಿಗುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. 'ರೆಕಮೆಂಡ್'ಗೆ ಮೊದಲು ಯಾವ ಕ್ರಿಯಾವಿಶೇಷಣ ಬರುತ್ತದೆ ಎಂದು ತಿಳಿಯಬೇಕು ಎನ್ನಿ. ಲಿಸ್ಟ್ ಎಂಬ ಆಯ್ಕೆ ಒತ್ತಿ, ಹುಡುಕುವ ಚೌಕದಲ್ಲಿ ಕ್ರಿಯಾವಿಶೇಷಣದ ಗುರುತು ಹಾಕಿ, ಒಂದು ಜಾಗ ಬಿಟ್ಟು, ಕ್ರಿಯಾಪದವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕ್ರಿಯಾವಿಶೇಷಣದ ಗುರುತು ಎಂದರೆ ಅಂಡರ್‌ಸ್ಕೋರ್, ಅದಕ್ಕೆ ಅಂಟಿಕೊಂಡು ಚಿಕ್ಕಕ್ಷರದ ಆರ್, ಕೊನೆಗೆ ನಕ್ಷತ್ರ. ಕ್ರಿಯಾಪದವನ್ನು ದೊಡ್ಡಕ್ಷರದಲ್ಲಿ ಬರೆದರೆ ಅದರ ಎಲ್ಲ ರೂಪಗಳೂ ಸೇರಿ ಬರುತ್ತವೆ: ವರ್ತಮಾನ, ಭೂತ, 'ಇಂಗ್' ರೂಪ, ಎಲ್ಲವೂ. ಚಿಕ್ಕಕ್ಷರದಲ್ಲಿ ಬರೆದರೆ ಬರೆದ ರೂಪ ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ: ಚಿಕ್ಕಕ್ಷರದಲ್ಲಿ ಹುಡುಕಿ, ಸಿಕ್ಕಿದ್ದು ಕಡಿಮೆ ಎಂದುಕೊಂಡು, ಜೋಡಿಯೇ ಅಪರೂಪದ್ದು ಎಂಬ ತೀರ್ಮಾನಕ್ಕೆ ಬರುತ್ತಾರೆ. ರೂಪಗಳು ಬೇರೆಬೇರೆ ಸಾಲಾಗಿ ಬರುವುದು ಬೇಡವಾದರೆ ಆಪ್ಷನ್ಸ್ ತೆರೆದು, ಗುಂಪು ಮಾಡುವ ವಿಧಾನವನ್ನು 'ಲೆಮ್ಮಾಸ್' (ಪದದ ಮೂಲರೂಪಗಳು) ಎಂದು ಬದಲಾಯಿಸಿ.

ಈ ಮೊದಲ ಪಟ್ಟಿ ನಿರಾಸೆ ಮಾಡುತ್ತದೆ. ಮೇಲಿನ ಸಾಲುಗಳಲ್ಲಿ 'ಆಲ್ಸೊ', 'ನೆವರ್', 'ಆಲ್ವೇಸ್', 'ಜಸ್ಟ್' ಇಂಥವೇ ತುಂಬಿರುತ್ತವೆ. ಯಂತ್ರದ ಲೆಕ್ಕದಲ್ಲಿ ಇವೂ ಕ್ರಿಯಾವಿಶೇಷಣಗಳೇ, ಯಾವ ಕ್ರಿಯಾಪದದ ಜೊತೆಗೂ ಬರುವಂಥವು. ಆದ್ದರಿಂದ ಜೋಡಿಯ ಬಗ್ಗೆ ಏನೂ ಹೇಳುವುದಿಲ್ಲ. ಕ್ರಿಯಾವಿಶೇಷಣವನ್ನು ಕ್ರಿಯಾಪದದ ನಂತರ ಹುಡುಕಿದರಂತೂ ತೊಂದರೆ ಇನ್ನೂ ಹೆಚ್ಚು. 'ಗಿವ್ ಅಪ್', 'ಟರ್ನ್ ಔಟ್'ನಂಥ ಜೋಡಿಗಳ 'ಅಪ್', 'ಔಟ್' ಕೂಡ ಇದೇ ಗುರುತಿನ ಕೆಳಗೆ ಬರುತ್ತವೆ. ಕೋಕಾ ಬಳಸುವ ಕ್ಲಾಸ್ (CLAWS) ಎಂಬ ಪದವರ್ಗ ವ್ಯವಸ್ಥೆಯಲ್ಲಿ 'ಆರ್' ಇಂದ ಶುರುವಾಗುವ ಗುರುತುಗಳು ಹಲವು: ಸಾಮಾನ್ಯ ಕ್ರಿಯಾವಿಶೇಷಣಕ್ಕೆ ಎರಡು ಆರ್, ಈ ಅಪ್-ಔಟ್‌ಗಳಿಗೆ ಆರ್ ಮತ್ತು ಪಿ, ಸ್ಥಳ ಹೇಳುವುದಕ್ಕೆ ಆರ್ ಮತ್ತು ಎಲ್, ಸಮಯ ಹೇಳುವುದಕ್ಕೆ ಆರ್ ಮತ್ತು ಟಿ. ಒಂದೇ ಆರ್ ಬರೆದು ನಕ್ಷತ್ರ ಹಾಕಿದರೆ ಇಡೀ ಬಳಗವೇ ಬಲೆಗೆ ಬೀಳುತ್ತದೆ.

ಪರಿಹಾರ ಸುಲಭ. ನಕ್ಷತ್ರ, ಅದಕ್ಕೆ ಅಂಟಿಕೊಂಡು ಎಲ್ ಮತ್ತು ವೈ, ಅದಕ್ಕೆ ಅಂಟಿಕೊಂಡು ಮೇಲಿನ ಅದೇ ಕ್ರಿಯಾವಿಶೇಷಣದ ಗುರುತು. 'ಲಿ' ಎಂದು ಮುಗಿಯುವ, ಅದೂ ಕ್ರಿಯಾವಿಶೇಷಣವೇ ಆಗಿರುವ ಪದ ಕೊಡು ಎಂದು ಇದರ ಅರ್ಥ. ಗುರುತು ಬಿಟ್ಟು ಬರೀ 'ಲಿ' ಹುಡುಕಿದರೆ 'ಫ್ಯಾಮಿಲಿ', 'ಫ್ರೆಂಡ್ಲಿ' ಇವೆಲ್ಲ ನುಗ್ಗುತ್ತವೆ. ಗುರುತು ಸೇರಿಸಿದ ಕೂಡಲೇ ಪಟ್ಟಿ ಸ್ವಚ್ಛವಾಗುತ್ತದೆ, 'ಹೈಲಿ', 'ಸ್ಟ್ರಾಂಗ್ಲಿ' ಮೇಲೆ ಬಂದು ಕೂರುತ್ತವೆ. ಆದರೆ 'ಹಾರ್ಡ್', 'ಫಾಸ್ಟ್', 'ವೆಲ್', 'ಲೇಟ್' ಈ ಜಾಲರಿಯಿಂದ ಜಾರಿಹೋಗುತ್ತವೆ. ಅವನ್ನು ಬೇರೆಯಾಗಿ ಹುಡುಕಬೇಕು. 'ವರ್ಕ್ ಹಾರ್ಡ್' ಮತ್ತು 'ಹಾರ್ಡ್ಲಿ ವರ್ಕ್' ಒಂದಕ್ಕೊಂದು ವಿರುದ್ಧ ಅರ್ಥದವು ಎಂಬುದು ನೆನಪಿದ್ದರೆ ಈ ಪ್ರತ್ಯೇಕ ಹುಡುಕಾಟ ಎಷ್ಟು ಮುಖ್ಯ ಎಂದು ತಿಳಿಯುತ್ತದೆ. 'ನಾಟ್'ಗೂ ಬೇರೆಯದೇ ಗುರುತಿದೆ, ಅದು ಕ್ರಿಯಾವಿಶೇಷಣದ ಪಟ್ಟಿಯಲ್ಲಿ ಬರುವುದೇ ಇಲ್ಲ.

ಎರಡನೆಯ ಬಲೆ ಅಂಕಿ. ಒಂದು ಪದದ ಆಸುಪಾಸಿನಲ್ಲಿ ಬರುವ ಪದಗಳನ್ನು ಪಟ್ಟಿ ಮಾಡುವ ಕಲೊಕೇಟ್ಸ್ ಎಂಬ ಆಯ್ಕೆ ಪದಗಳ ನಂಟನ್ನು ಎಂಐ ಎಂಬ ಅಂಕದಲ್ಲಿ ಅಳೆಯುತ್ತದೆ. ಎರಡು ಪದ ಆಕಸ್ಮಿಕವಾಗಿ ಎಷ್ಟು ಸಲ ಪಕ್ಕಪಕ್ಕ ಬರಬಹುದಿತ್ತು, ನಿಜವಾಗಿ ಎಷ್ಟು ಸಲ ಬಂದಿವೆ, ಈ ಅನುಪಾತದ ಎರಡರ ಆಧಾರದ ಲಾಗ್ ಅದು. 3 ಅಥವಾ ಹೆಚ್ಚಿದ್ದರೆ ನಂಟಿದೆ ಎಂದು ವಾಡಿಕೆ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. 100 ಕೋಟಿ ಪದಗಳಲ್ಲಿ ಒಂದು ಕ್ರಿಯಾಪದ 20,000 ಸಲ, ಒಂದು ಕ್ರಿಯಾವಿಶೇಷಣ 5,000 ಸಲ ಬಂದಿದೆ ಎಂದುಕೊಳ್ಳಿ. ಆಕಸ್ಮಿಕವಾಗಿ ಅವು ಪಕ್ಕಪಕ್ಕ ಬರಬೇಕಾದದ್ದು 0.1 ಸಲ. ನಿಜಕ್ಕೂ 100 ಸಲ ಬಂದಿದ್ದರೆ ಅನುಪಾತ 1,000, ಅಂಕ ಸುಮಾರು 10, ಗಟ್ಟಿ ನಂಟು. ಆದರೆ ಒಂದೇ ಒಂದು ಸಲ ಬಂದಿದ್ದರೂ ಅನುಪಾತ 10, ಅಂಕ 3.3! ಯಾರೋ ಒಬ್ಬರು ಒಮ್ಮೆ ಬರೆದ ವಿಚಿತ್ರ ಪ್ರಯೋಗವೂ ಗಡಿ ದಾಟಿಬಿಡುತ್ತದೆ. ಅಪರೂಪದ ಪದಗಳನ್ನು ಎತ್ತಿ ಕೂರಿಸುವುದು ಈ ಅಂಕದ ಹುಟ್ಟುಗುಣ. ಆದ್ದರಿಂದ ನಂಟಿನ ಅಂಕದ ಜೊತೆಗೆ ಕನಿಷ್ಠ ಎಣಿಕೆಯನ್ನೂ ಕಟ್ಟಲೇಬೇಕು. ಸಾಮಾನ್ಯ ಕ್ರಿಯಾಪದವಾದರೆ 20ಕ್ಕಿಂತ ಕಡಿಮೆ ಬಂದದ್ದನ್ನು ಪಕ್ಕಕ್ಕಿಡುವುದು ನಮ್ಮ ಸಲಹೆ. ಬರೀ ಎಣಿಕೆ ನೋಡಿದರೆ 'ಆಲ್ಸೊ', ಬರೀ ಅಂಕ ನೋಡಿದರೆ ಅಕ್ಷರದೋಷ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಭಾಷೆ ಕಾಣುತ್ತದೆ.

ಮೂರನೆಯದು ಯಂತ್ರದ ಗುರುತಿನ ದೋಷ. 'ಬ್ಯಾಡ್ಲಿ ಡ್ಯಾಮೇಜ್ಡ್', 'ಹೈಲಿ ರೆಕಮೆಂಡೆಡ್' ಮುಂತಾದವುಗಳಲ್ಲಿ 'ಎಡ್' ರೂಪ ಕ್ರಿಯಾಪದವೋ ಗುಣವಾಚಕವೋ ಎಂದು ಯಂತ್ರ ಒಮ್ಮೊಮ್ಮೆ ಹೀಗೆ, ಒಮ್ಮೊಮ್ಮೆ ಹಾಗೆ ತೀರ್ಮಾನಿಸುತ್ತದೆ. ಕ್ರಿಯಾಪದದ ಗುರುತನ್ನೇ (ಆರ್ ಬದಲು ವಿ) ಹಾಕಿ ಹುಡುಕಿದರೆ ಗುಣವಾಚಕ ಎಂದು ಬರೆದಿಟ್ಟ ಸಾಲುಗಳೆಲ್ಲ ಕೈಬಿಟ್ಟುಹೋಗುತ್ತವೆ. ಕರ್ಮಣಿ ಪ್ರಯೋಗದಲ್ಲಿ ಹೆಚ್ಚು ಬರುವ ಕ್ರಿಯಾಪದಗಳಿಗೆ ಗುರುತು ಬಿಟ್ಟು, 'ಎಡ್' ರೂಪವನ್ನೇ ಚಿಕ್ಕಕ್ಷರದಲ್ಲಿ ಬರೆದು ಇನ್ನೊಂದು ಸಲ ಹುಡುಕಿ.

ಇಷ್ಟೆಲ್ಲ ದಾಟಿದ ಮೇಲೆ ಕೋಕಾದ ನಿಜವಾದ ಸಂಪತ್ತು ಸಿಗುತ್ತದೆ. ಅದು ಸಂಖ್ಯೆಯಲ್ಲಿಲ್ಲ, ಸಾಲುಗಳಲ್ಲಿದೆ. ಪಟ್ಟಿಯ ಯಾವುದೇ ಜೋಡಿಯ ಮೇಲೆ ಒತ್ತಿದರೆ ಅದು ಬಂದ ವಾಕ್ಯಗಳು ತೆರೆದುಕೊಳ್ಳುತ್ತವೆ. 'ಹೈಲಿ ರೆಕಮೆಂಡ್' ಮತ್ತು 'ಸ್ಟ್ರಾಂಗ್ಲಿ ರೆಕಮೆಂಡ್' ಎರಡನ್ನೂ ಹೀಗೆ ತೆರೆದು, ಬಲಬದಿಯ ಪದಗಳನ್ನು ಓದುತ್ತಾ ಹೋಗಿ. 'ಹೈಲಿ'ಯ ನಂತರ ಒಂದು ವಸ್ತು ಬರುವುದು ಹೆಚ್ಚು: ಪುಸ್ತಕ, ಹೋಟೆಲ್, ಚಿತ್ರ, ವ್ಯಕ್ತಿ. ಅದು ಮೆಚ್ಚುಗೆ. 'ಸ್ಟ್ರಾಂಗ್ಲಿ'ಯ ನಂತರ 'ದಟ್' ಬಂದು ಒಂದು ಕೆಲಸ ಹೇಳುವುದು ಹೆಚ್ಚು: ಹೀಗೆ ಮಾಡಿ, ಹಾಗೆ ಮಾಡಬೇಡಿ. ಅದು ಸಲಹೆ, ಕೆಲವೊಮ್ಮೆ ಎಚ್ಚರಿಕೆ. ಗೆರೆ ಎಳೆದಂತೆ ಕಟ್ಟುನಿಟ್ಟಲ್ಲ, ಆದರೆ ಒಲವು ಸ್ಪಷ್ಟ. ವೈದ್ಯರು ಧೂಮಪಾನ ಬಿಡಿ ಎನ್ನುವಾಗ 'ಸ್ಟ್ರಾಂಗ್ಲಿ' ಸಹಜ. ಗೆಳೆಯರು ಚಿತ್ರವೊಂದನ್ನು ನೋಡಿ ಎನ್ನುವಾಗ 'ಹೈಲಿ' ಸಹಜ.

'ಅಪ್ರಿಷಿಯೇಟ್' ಇನ್ನೂ ಸೊಗಸಾದ ಉದಾಹರಣೆ. 'ಗ್ರೇಟ್ಲಿ ಅಪ್ರಿಷಿಯೇಟ್', 'ರಿಯಲಿ ಅಪ್ರಿಷಿಯೇಟ್' ಎಂದರೆ ಕೃತಜ್ಞತೆ. 'ಫುಲಿ ಅಪ್ರಿಷಿಯೇಟ್' ಎಂದರೆ ಪೂರ್ತಿ ಅರ್ಥ ಮಾಡಿಕೊಳ್ಳುವುದು. ಅಪಾಯದ ಗಾತ್ರವನ್ನು, ಸಮಸ್ಯೆಯ ಆಳವನ್ನು ಅರಿಯುವುದು. ಕ್ರಿಯಾಪದ ಅದೇ, ಪಕ್ಕದ ಕ್ರಿಯಾವಿಶೇಷಣ ಅರ್ಥವನ್ನೇ ಬದಲಾಯಿಸಿತು. ಧನ್ಯವಾದ ಪತ್ರದಲ್ಲಿ 'ಫುಲಿ ಅಪ್ರಿಷಿಯೇಟ್' ಎಂದು ಬರೆದರೆ ಓದುವವರು ಮುಂದೆ ಒಂದು 'ಬಟ್' ಬರುತ್ತದೆ ಎಂದು ಕಾಯುತ್ತಾರೆ. ಹಾಗೆಯೇ 'ಸ್ಟ್ರಾಂಗ್ಲಿ ಸಜೆಸ್ಟ್'. ಕರ್ತೃ ಮನುಷ್ಯನಾದರೆ ಒತ್ತಾಯದ ಸಲಹೆ; ಕರ್ತೃ ಸಾಕ್ಷ್ಯ, ಅಂಕಿಅಂಶ, ಫಲಿತಾಂಶವಾದರೆ ಅವು ಒಂದು ತೀರ್ಮಾನದತ್ತ ಬಲವಾಗಿ ಬೊಟ್ಟುಮಾಡುತ್ತಿವೆ ಎಂದರ್ಥ. ಶೈಕ್ಷಣಿಕ ವಿಭಾಗ ತೆರೆದರೆ ಈ ಎರಡನೆಯ ಬಳಕೆ ಕಣ್ಣಿಗೆ ರಾಚುತ್ತದೆ.

'ಬ್ಯಾಡ್ಲಿ'ಯ ಸ್ವಭಾವವೂ ಸಾಲು ಓದಿದವರಿಗೇ ತಿಳಿಯುವುದು. 'ಬ್ಯಾಡ್ಲಿ ಡ್ಯಾಮೇಜ್' ಎಂದಾಗ ಕೆಟ್ಟದ್ದಿದೆ. 'ಬ್ಯಾಡ್ಲಿ ನೀಡ್', 'ಬ್ಯಾಡ್ಲಿ ವಾಂಟ್' ಎಂದಾಗ ಕೆಟ್ಟದ್ದೇನೂ ಇಲ್ಲ, ತೀವ್ರತೆ ಮಾತ್ರ. ವಿಷಾದಕ್ಕೆ 'ಡೀಪ್ಲಿ ರಿಗ್ರೆಟ್' ಕೂಡ ಇದೆ, 'ಬಿಟರ್ಲಿ ರಿಗ್ರೆಟ್' ಕೂಡ ಇದೆ. ಸಂಸ್ಥೆಯೊಂದು ಕ್ಷಮೆ ಕೇಳುವ ಹೇಳಿಕೆಗೆ ಮೊದಲನೆಯದು ಹೊಂದುತ್ತದೆ. ಎರಡನೆಯದು ಸ್ವಂತ ನಿರ್ಧಾರವೊಂದು ವರ್ಷಗಳ ಕಾಲ ಕಾಡಿದಾಗ ಬರುವ ಮಾತು. 'ಅಡ್ಮಿಟ್' ಜೊತೆ 'ರೆಡಿಲಿ', 'ಫ್ರೀಲಿ', 'ಗ್ರಜಿಂಗ್ಲಿ' ಮೂರೂ ಬರುತ್ತವೆ. ಒಪ್ಪಿಕೊಂಡವರ ಮನಸ್ಸು ಹೇಗಿತ್ತು ಎಂಬುದನ್ನು ಆ ಒಂದೇ ಪದ ಹೇಳಿಬಿಡುತ್ತದೆ. ಅನುವಾದಕರು ಈ ಸೇವೆಯನ್ನು ಬಿಡದೆ ಬಳಸಬೇಕು ಎನ್ನುವುದು ಇಂಥ ಕಡೆಗಳಿಗಾಗಿಯೇ.

ಹತ್ತಿರದ ಎರಡು ಪದಗಳ ನಡುವೆ ಗೊಂದಲವಿದ್ದರೆ ಕಂಪೇರ್ ಎಂಬ ಆಯ್ಕೆ ಇದೆ. ಎರಡು ಚೌಕಗಳಲ್ಲಿ 'ಫುಲಿ' ಮತ್ತು 'ಕಂಪ್ಲೀಟ್ಲಿ' ಬರೆದು, ಕಲೊಕೇಟ್ಸ್ ಚೌಕದಲ್ಲಿ ಕ್ರಿಯಾಪದದ ಗುರುತು ಹಾಕಿ. ವ್ಯಾಪ್ತಿಯನ್ನು, ಅಂದರೆ ಅಕ್ಕಪಕ್ಕದ ಎಷ್ಟು ಪದಗಳವರೆಗೆ ನೋಡಬೇಕು ಎಂಬುದನ್ನು, ಎಡಕ್ಕೆ 0, ಬಲಕ್ಕೆ 1 ಎಂದು ಇಡಿ. 'ಫುಲಿ'ಯ ಕಡೆ 'ಅಂಡರ್‌ಸ್ಟ್ಯಾಂಡ್', 'ಸಪೋರ್ಟ್', 'ಇಂಟೆಂಡ್', 'ಎಕ್ಸ್‌ಪೆಕ್ಟ್', 'ಕೋಆಪರೇಟ್'. 'ಕಂಪ್ಲೀಟ್ಲಿ'ಯ ಕಡೆ 'ಫರ್ಗೆಟ್', 'ಇಗ್ನೋರ್', 'ಡಿಸಪಿಯರ್', 'ಎಲಿಮಿನೇಟ್', 'ಡಿಸ್ಟ್ರಾಯ್'. ಒಂದು ತುಂಬಿಕೊಳ್ಳುವ ಕಡೆ, ಇನ್ನೊಂದು ಇಲ್ಲವಾಗುವ ಕಡೆ ವಾಲುತ್ತದೆ. ನಿಘಂಟು ಎರಡಕ್ಕೂ 'ಸಂಪೂರ್ಣವಾಗಿ' ಎಂದೇ ಅರ್ಥ ಕೊಟ್ಟಿರುತ್ತದೆ. ಇಡೀ ತಾಣದಲ್ಲಿ ಅತಿ ಹೆಚ್ಚು ಕಲಿಸುವ, ಅತಿ ಕಡಿಮೆ ಜನ ಮುಟ್ಟುವ ಗುಂಡಿ ಇದು.

ಜೋಡಿ ಸಿಕ್ಕಿದ ಮೇಲೆ ಅದರ ಜಾಗ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಚಿಕ್ಕ ಕರ್ಮಕ್ಕೂ ನಡುವೆ ಕ್ರಿಯಾವಿಶೇಷಣ ತೂರಿಸುವಂತಿಲ್ಲ. 'ರೆಕಮೆಂಡ್ ಸ್ಟ್ರಾಂಗ್ಲಿ ದಿಸ್ ಬುಕ್' ತಪ್ಪು. ಹಾಗಾದರೆ ಕ್ರಿಯಾಪದದ ಮೊದಲೋ, ಕರ್ಮದ ನಂತರವೋ? ಇದಕ್ಕೂ ಕೋಕಾವನ್ನೇ ಕೇಳಬಹುದು. ಕ್ರಿಯಾವಿಶೇಷಣವನ್ನು ಒಮ್ಮೆ ಕ್ರಿಯಾಪದದ ಮೊದಲು, ಒಮ್ಮೆ ನಂತರ ಇಟ್ಟು ಹುಡುಕಿ. 'ಫ್ಲಾಟ್ಲಿ' ಹೆಚ್ಚುಕಡಿಮೆ ಸದಾ 'ರಿಫ್ಯೂಸ್'ಗೆ ಮೊದಲೇ. 'ಮಿಸರಬ್ಲಿ' 'ಫೇಲ್'ನ ನಂತರ. 'ಸೌಂಡ್ಲಿ' 'ಸ್ಲೀಪ್'ನ ನಂತರ. 'ಸ್ಪೀಕ್ ಹೈಲಿ ಆಫ್' ಅಲುಗಾಡಿಸಲಾಗದ ಕಟ್ಟು. ಒತ್ತು, ನಿಲುವು ಹೇಳುವವು ಮೊದಲು ಬರುವುದು ಹೆಚ್ಚು. ಕೆಲಸ ನಡೆದ ರೀತಿ ಹೇಳುವವು ನಂತರ. ನಡುವೆ ಕರ್ಮ ಬರುವ ಕ್ರಿಯಾಪದಗಳಿಗೆ ಲಿಸ್ಟ್ ಸಾಲದು, ಏಕೆಂದರೆ ಅದು ಪಕ್ಕಪಕ್ಕದ್ದನ್ನು ಮಾತ್ರ ನೋಡುತ್ತದೆ. ಕಲೊಕೇಟ್ಸ್‌ಗೆ ಹೋಗಿ ವ್ಯಾಪ್ತಿಯನ್ನು ಎಡಕ್ಕೆ 0, ಬಲಕ್ಕೆ 4 ಎಂದು ಇಡಬೇಕು. ಆಗ 'ಎಕ್ಸಾಮಿನ್ ದಿ ಎವಿಡೆನ್ಸ್ ಕೇರ್‌ಫುಲಿ' ಕೂಡ ಎಣಿಕೆಗೆ ಸಿಗುತ್ತದೆ. ವ್ಯಾಪ್ತಿ ಹೆಚ್ಚಿಸಿದಷ್ಟೂ ಮುಂದಿನ ವಾಕ್ಯದ ಕ್ರಿಯಾವಿಶೇಷಣಗಳೂ ನುಗ್ಗುತ್ತವೆ, 4 ಮೀರುವುದು ಬೇಡ.

ಚಾರ್ಟ್ ಆಯ್ಕೆ ವಿಭಾಗವಾರು ಬಳಕೆಯನ್ನು ಹತ್ತು ಲಕ್ಷ ಪದಗಳಿಗೆ ಇಷ್ಟು ಎಂದು ಪಟ್ಟೆಗಳಲ್ಲಿ ತೋರಿಸುತ್ತದೆ. 'ಸಿಗ್ನಿಫಿಕಂಟ್ಲಿ' ಶೈಕ್ಷಣಿಕ ಬರಹದ್ದು, 'ಟೋಟಲಿ' ಮಾತಿನದ್ದು ಎಂಬುದು ನೋಡಿದ ಕ್ಷಣ ತಿಳಿಯುತ್ತದೆ. ಇಲ್ಲೂ ಒಂದು ಹೊಂಡವಿದೆ. 'ಸ್ಟ್ರಾಂಗ್ಲಿ ಅಗ್ರೀ' ಹುಡುಕಿದವರು ಅದನ್ನು ಪ್ರಬಂಧದಲ್ಲಿ ಬಳಸಲು ಯೋಗ್ಯವಾದ ಸಾಮಾನ್ಯ ಜೋಡಿ ಎಂದು ನಂಬುವ ಅಪಾಯವಿದೆ. ಸಾಲುಗಳನ್ನು ತೆರೆಯಿರಿ. ಸಮೀಕ್ಷೆಯ ಪ್ರಶ್ನಾವಳಿಗಳಲ್ಲಿ ಆಯ್ಕೆಯ ಹೆಸರಾಗಿ ನಿಂತ 'ಸ್ಟ್ರಾಂಗ್ಲಿ ಅಗ್ರೀ' ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ಮುಂದಿಟ್ಟ ಅಳತೆಗೋಲಿನ ಪರಂಪರೆ ಅದು. ಇನ್ನೊಬ್ಬರ ಮಾತಿಗೆ ಒಪ್ಪಿಗೆ ಸೂಚಿಸುವಾಗ 'ಕಂಪ್ಲೀಟ್ಲಿ', 'ಟೋಟಲಿ', 'ಫುಲಿ' ಇವೇ ಸಹಜ.

ಕೋಕಾದ ಕೊರತೆಗಳನ್ನೂ ಹೇಳಲೇಬೇಕು. 2019ಕ್ಕೆ ನಿಂತಿದೆ. ಅಮೆರಿಕನ್ ಇಂಗ್ಲಿಷ್ ಮಾತ್ರ. ಪುಟದ ವಿನ್ಯಾಸ ಹಳೆಯದು, ಸಹಾಯದ ಪುಟಗಳು ಚದುರಿವೆ, ಹುಡುಕುವ ಗುರುತುಗಳನ್ನು ಬಾಯಿಪಾಠ ಮಾಡದೆ ಮುಂದೆ ಹೋಗಲಾಗುವುದಿಲ್ಲ. ಈಗಷ್ಟೇ ಕಲಿಯುತ್ತಿರುವವರ ಕೈಗೆ ಮೊದಲೇ ಇದನ್ನು ಕೊಟ್ಟರೆ ಅವರು ಹೆದರಿ ಓಡುತ್ತಾರೆ.

ಅಂಥವರಿಗೆ ಸ್ಕೆಲ್. ಸ್ಕೆಚ್ ಎಂಜಿನ್ ಎಂಬ ಕಾರ್ಪಸ್ ಹುಡುಕುವ ತಂತ್ರಾಂಶದ ತಯಾರಕರೇ ಕಲಿಯುವವರಿಗಾಗಿ ಮಾಡಿದ ಉಚಿತ ತಾಣ, ನೋಂದಣಿಯೂ ಬೇಡ. ಒಂದು ಪದ ಬರೆದರೆ ಗರಿಷ್ಠ 40 ಉದಾಹರಣೆ ವಾಕ್ಯಗಳು. ತೀರಾ ಉದ್ದದ, ಅರ್ಧಂಬರ್ಧ ವಾಕ್ಯಗಳನ್ನು ಯಂತ್ರವೇ ಸೋಸಿರುತ್ತದೆ. ವರ್ಡ್ ಸ್ಕೆಚ್ ಒತ್ತಿದರೆ ಕರ್ತೃ, ಕರ್ಮ, ಕ್ರಿಯಾವಿಶೇಷಣ ಎಂದು ಬೇರೆಬೇರೆ ಅಂಕಣಗಳು. ಯಾವ ಗುರುತೂ ಟೈಪ್ ಮಾಡಬೇಕಿಲ್ಲ. ಜೋಡಿ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಲು ಇದು ಕೋಕಾಗಿಂತ ಬೇಗ. ವಿಭಾಗವಾರು ವ್ಯತ್ಯಾಸ, ಸ್ಥಾನ, ಹೋಲಿಕೆ ಬೇಕಾದಾಗ ಮಾತ್ರ ಇದು ಸಾಲದು.

ಗೂಗಲ್ ಎನ್‌ಗ್ರಾಮ್ ವ್ಯೂವರ್ 2010ರ ಡಿಸೆಂಬರ್‌ನಲ್ಲಿ ಬಂದದ್ದು. ಕಾಲದ ಓಟ ನೋಡಲು ಚೆನ್ನ, ಜೋಡಿಯ ಸರಿತಪ್ಪು ನೋಡಲು ಅಷ್ಟಕ್ಕಷ್ಟೆ. ಅದರಲ್ಲಿರುವುದು ಪುಸ್ತಕಗಳು ಮಾತ್ರ, ವಾಕ್ಯ ನೇರವಾಗಿ ಕಾಣುವುದಿಲ್ಲ, ಗರಿಷ್ಠ 5 ಪದಗಳ ಸರಣಿ, 40ಕ್ಕಿಂತ ಕಡಿಮೆ ಪುಸ್ತಕಗಳಲ್ಲಿ ಬಂದ ಸರಣಿ ಲೆಕ್ಕಕ್ಕೇ ಇಲ್ಲ. ಆದರೆ 'ಟು ಫುಲಿ ಅಂಡರ್‌ಸ್ಟ್ಯಾಂಡ್', 'ಫುಲಿ ಟು ಅಂಡರ್‌ಸ್ಟ್ಯಾಂಡ್', 'ಟು ಅಂಡರ್‌ಸ್ಟ್ಯಾಂಡ್ ಫುಲಿ' ಮೂರನ್ನೂ ಅಲ್ಪವಿರಾಮ ಹಾಕಿ ಒಟ್ಟಿಗೆ ಕೊಟ್ಟರೆ, 'ಟು' ಮತ್ತು ಕ್ರಿಯಾಪದದ ನಡುವೆ ಏನೂ ಬರಕೂಡದು ಎಂಬ ಹಳೆಯ ಶಾಲಾ ನಿಯಮವನ್ನು ಬರಹಗಾರರು ಎಷ್ಟರಮಟ್ಟಿಗೆ ಪಾಲಿಸಿದ್ದಾರೆ ಎಂಬುದು ಗೆರೆಗಳಲ್ಲಿ ಕಾಣುತ್ತದೆ. ದೊಡ್ಡಕ್ಷರ-ಚಿಕ್ಕಕ್ಷರಗಳನ್ನು ಅದು ಬೇರೆಬೇರೆಯಾಗಿ ಎಣಿಸುತ್ತದೆ, ಆ ಆಯ್ಕೆಯನ್ನು ಬದಲಾಯಿಸಿಕೊಳ್ಳಿ.

ಬ್ರಿಟಿಷ್ ಬಳಕೆ ಬೇಕಾದವರು ಕೋಕಾದ ಅದೇ ಖಾತೆಯಿಂದ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ತೆರೆಯಬಹುದು. ಅದರ ಪಠ್ಯ 1990ರ ದಶಕದ ಆರಂಭಕ್ಕೇ ನಿಲ್ಲುತ್ತದೆ. 20 ದೇಶಗಳ ಜಾಲಪುಟಗಳಿಂದ ಆರಿಸಿದ 190 ಕೋಟಿ ಪದಗಳ ಗ್ಲೋಬ್ ಎಂಬ ಇನ್ನೊಂದು ಕಾರ್ಪಸ್ ಕೂಡ ಅಲ್ಲೇ ಇದೆ. ಒಂದು ಜೋಡಿ ಒಂದು ದೇಶದಲ್ಲಿ ಸಹಜ, ಇನ್ನೊಂದರಲ್ಲಿ ಅಪರಿಚಿತ ಎಂಬ ಅನುಮಾನ ಬಂದಾಗ ಅದರ ಚಾರ್ಟ್ ತೆರೆದು ದೇಶವಾರು ಪಟ್ಟೆಗಳನ್ನು ನೋಡಿ. ಗ್ಲೋಬ್‌ನಲ್ಲಿ ಹುಡುಕುವ ಗುರುತುಗಳು ಮೇಲೆ ಹೇಳಿದವೇ, ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.